ಮನೆಯಿಂದ ಕೆಲಸ ಮಾಡುವ ಉದ್ಯೋಗಿಗಳ ಆರೋಗ್ಯ: ಸಂಸ್ಥೆ ಮೊದಲು ಕೈಹಾಕಬೇಕಾದದ್ದು ಯಾವುದಕ್ಕೆ?

ಪ್ರಶ್ನೆ: ಮಾನವ ಸಂಪನ್ಮೂಲ ವಿಭಾಗದ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ಮಧ್ಯಮ ಗಾತ್ರದ ಒಂದು ಸಾಫ್ಟ್‌ವೇರ್ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಉದ್ಯೋಗಿಗಳಲ್ಲಿ ಹೆಚ್ಚಿನವರು ಪೂರ್ತಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಾರೆ; ಉಳಿದವರು ವಾರದಲ್ಲಿ ಒಂದೆರಡು ದಿನ ಮಾತ್ರ ಕಚೇರಿಗೆ ಬರುತ್ತಾರೆ. ಇತ್ತೀಚೆಗೆ, ಹೆಸರು ಬರೆಯುವ ಅಗತ್ಯವಿಲ್ಲದ ಒಂದು ಸಮೀಕ್ಷೆಯನ್ನು ನಡೆಸಿದೆವು. ಕುತ್ತಿಗೆ, ಸೊಂಟ ಮತ್ತು ಮಣಿಕಟ್ಟಿನ ನೋವು, ಕಣ್ಣುರಿ, ನಿದ್ರೆಯ ಕೊರತೆ ಇವೆಲ್ಲ ನಾವು ನಿರೀಕ್ಷಿಸಿದ್ದ ದೂರುಗಳೇ. ಆದರೆ ‘ದಿನದ ಕೆಲಸ ಎಲ್ಲಿ ಮುಗಿಯಿತು ಎಂಬುದೇ ತಿಳಿಯುವುದಿಲ್ಲ’ ಎಂಬ ಮಾತು ಎಷ್ಟೊಂದು ಉತ್ತರಗಳಲ್ಲಿ ಮರಳಿ ಮರಳಿ ಬಂದಿತೆಂದರೆ, ಅದನ್ನು ಬರಿಯ ಗೊಣಗಾಟವೆಂದು ಬದಿಗಿಡಲು ಸಾಧ್ಯವಾಗಲಿಲ್ಲ. ಮೊದಲು ಚೆನ್ನಾಗಿ ಮಾತನಾಡುತ್ತಿದ್ದ ಕೆಲವರು ಈಗ ಮೀಟಿಂಗ್‌ಗಳಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾರೆ ಎಂದು ತಂಡಗಳ ಮುಖ್ಯಸ್ಥರೂ ಹೇಳುತ್ತಿದ್ದಾರೆ.

ಆಡಳಿತ ವರ್ಗ ಈ ವಿಷಯಕ್ಕಾಗಿ ಒಂದಿಷ್ಟು ಹಣ ಮೀಸಲಿಡಲು ಒಪ್ಪಿದೆ. ಅವರ ಮುಂದೆ ಸದ್ಯಕ್ಕೆ ಎರಡು ಪ್ರಸ್ತಾವಗಳಿವೆ. ಎಲ್ಲರಿಗೂ ಒಂದು ಆರೋಗ್ಯ ಆ್ಯಪ್ ಕೊಟ್ಟು, ದಿನವೂ ಯಾರು ಹೆಚ್ಚು ಹೆಜ್ಜೆ ನಡೆದರು ಎಂಬ ಸ್ಪರ್ಧೆಯನ್ನು ಏರ್ಪಡಿಸುವುದು ಒಂದು. ಪ್ರತಿ ಶುಕ್ರವಾರ ಸಂಜೆ ಎಲ್ಲರೂ ಆನ್‌ಲೈನ್‌ನಲ್ಲಿ ಸೇರಿ ಆಟವಾಡುವುದು ಇನ್ನೊಂದು. ಎರಡರಲ್ಲೂ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ. ಆದರೂ ಸಮೀಕ್ಷೆಯಲ್ಲಿ ಜನ ಹೇಳಿದ್ದಕ್ಕೂ ಈ ಪ್ರಸ್ತಾವಗಳಿಗೂ ಹೆಚ್ಚಿನ ಸಂಬಂಧವಿಲ್ಲ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ಸೀಮಿತ ಹಣವನ್ನು ಮೊದಲು ಎಲ್ಲಿ ವ್ಯಯಿಸಿದರೆ ನಿಜವಾದ ಪ್ರಯೋಜನವಾಗುತ್ತದೆ ಎಂಬುದು ನನ್ನ ಮುಖ್ಯ ಪ್ರಶ್ನೆ. ಇದರೊಂದಿಗೆ ಇನ್ನೊಂದು ಸೂಕ್ಷ್ಮವಾದ ವಿಷಯವೂ ಇದೆ. ಒಬ್ಬರು ಮಾನಸಿಕವಾಗಿ ಬಳಲುತ್ತಿದ್ದಾರೆ ಎಂಬ ಸಂಶಯ ಬಂದಾಗ, ಅವರ ಖಾಸಗಿತನಕ್ಕೆ ಧಕ್ಕೆ ತರದೆ ತಂಡದ ಮುಖ್ಯಸ್ಥರು ಎಷ್ಟರ ಮಟ್ಟಿಗೆ ವಿಚಾರಿಸಬಹುದು? ಕಚೇರಿಯಲ್ಲಾದರೆ ಮುಖ ನೋಡಿಯೇ ಏನೋ ಸರಿಯಿಲ್ಲ ಎಂದು ತಿಳಿಯುತ್ತಿತ್ತು. ಈಗ ಪರದೆಯ ಮೇಲಿನ ಚಿಕ್ಕ ಚೌಕವೊಂದೇ ಕಾಣುತ್ತದೆ, ಹಲವರದು ಅದೂ ಕಾಣುವುದಿಲ್ಲ. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಫಿಸಿಯೊಥೆರಪಿಸ್ಟ್

ದೇಹದ ನೋವಿನ ಬಗ್ಗೆ ಮಾತ್ರ ಹೇಳುತ್ತೇನೆ. ಮನಸ್ಸಿನ ವಿಷಯವನ್ನು ಅದನ್ನು ಬಲ್ಲವರಿಗೆ ಬಿಡುತ್ತೇನೆ.

ಮನೆಯಿಂದ ಕೆಲಸ ಮಾಡುವವರ ಕುತ್ತಿಗೆ ನೋವಿಗೆ ಬಹಳ ಸಲ ಲ್ಯಾಪ್‌ಟಾಪಿನ ರಚನೆಯೇ ಕಾರಣ. ಅದರಲ್ಲಿ ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೈಗೆ ಅನುಕೂಲವಾಗುವಂತೆ ಮೇಜಿನ ಮೇಲಿಟ್ಟರೆ ಕುತ್ತಿಗೆ ಬಾಗುತ್ತದೆ. ಕಣ್ಣಿನ ಮಟ್ಟಕ್ಕೆ ಎತ್ತಿದರೆ ಭುಜ ಮತ್ತು ಮಣಿಕಟ್ಟು ಮೇಲೆತ್ತಿಕೊಂಡೇ ಇರಬೇಕಾಗುತ್ತದೆ. ವಯಸ್ಕರ ತಲೆಯ ತೂಕ ಸುಮಾರು 5 ಕಿಲೋ. ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಹಿಡಿದು ನಿಲ್ಲಿಸುವ ಕುತ್ತಿಗೆಯ ಹಿಂಭಾಗದ ಸ್ನಾಯುಗಳ ಮೇಲೆ ಬೀಳುವ ಭಾರ ಹೆಚ್ಚುತ್ತಾ ಹೋಗುತ್ತದೆ. ಆದ್ದರಿಂದ ನಿಮ್ಮ ಹಣದ ಮೊದಲ ಭಾಗ ಪ್ರತಿಯೊಬ್ಬರಿಗೂ ಬೇರೆಯಾದ ಒಂದು ಕೀಬೋರ್ಡ್, ಒಂದು ಮೌಸ್ ಮತ್ತು ಲ್ಯಾಪ್‌ಟಾಪನ್ನು ಎತ್ತರಿಸುವ ಸ್ಟ್ಯಾಂಡಿಗೆ ಹೋಗಲಿ. ಸ್ಟ್ಯಾಂಡ್ ಬರುವವರೆಗೆ ನಾಲ್ಕು ದಪ್ಪ ಪುಸ್ತಕಗಳೂ ಅದೇ ಕೆಲಸ ಮಾಡುತ್ತವೆ. ದುಬಾರಿ ಕುರ್ಚಿಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ಆದರೆ ಪರದೆ ತಗ್ಗಿನಲ್ಲಿದ್ದರೆ ಎಂಥ ಕುರ್ಚಿಯಲ್ಲಿ ಕುಳಿತವರೂ ಸ್ವಲ್ಪ ಹೊತ್ತಿನಲ್ಲಿ ಮುಂದಕ್ಕೆ ಬಾಗಿಯೇ ಬಾಗುತ್ತಾರೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು. ಕೈ ಚಾಚಿದರೆ ಬೆರಳ ತುದಿ ಮುಟ್ಟುವಷ್ಟು ದೂರದಲ್ಲಿರಬೇಕು. ಬೈಫೋಕಲ್ ಕನ್ನಡಕ ಹಾಕುವವರಿಗೆ ಪರದೆ ಇನ್ನೂ ಕೆಳಗಿದ್ದರೆ ಒಳ್ಳೆಯದು, ಇಲ್ಲವಾದರೆ ಅವರು ಗಲ್ಲವನ್ನು ಮೇಲೆತ್ತಿ ನೋಡುವ ಅಭ್ಯಾಸಕ್ಕೆ ಬೀಳುತ್ತಾರೆ. ಮೊಣಕೈ ದೇಹದ ಪಕ್ಕದಲ್ಲೇ ಸುಮಾರು 90 ಡಿಗ್ರಿಯಲ್ಲಿ ಮಡಚಿರಲಿ, ಮಣಿಕಟ್ಟು ನೇರವಾಗಿರಲಿ, ಪಾದಗಳು ನೆಲಕ್ಕೆ ಪೂರ್ತಿ ತಾಗಲಿ. ಕುಳ್ಳಗಿರುವವರಿಗೆ ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಗಟ್ಟಿ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಕಿಟಕಿ ಎದುರಿಗೋ ಬೆನ್ನಿಗೋ ಇರುವುದಕ್ಕಿಂತ ಪಕ್ಕದಲ್ಲಿದ್ದರೆ ಪರದೆಯ ಮೇಲೆ ಹೊಳಪು ಬೀಳುವುದಿಲ್ಲ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡುವವರಿಗೆ ಕುರ್ಚಿಗಿಂತ ಮೊದಲು ಹೆಡ್‌ಸೆಟ್ ಕೊಡಿ.

ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಬಹಳಷ್ಟು ಕಡಿಮೆಯಾಗುತ್ತದೆ. ಕಣ್ಣುರಿಗೆ ಮುಖ್ಯ ಕಾರಣ ಕಣ್ಣಿನ ಮೇಲ್ಮೈ ಒಣಗುವುದು. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡಬೇಕೆಂಬ ಸರಳ ಸೂತ್ರವನ್ನು ನೇತ್ರತಜ್ಞರು ಸೂಚಿಸುವುದು ಇದಕ್ಕಾಗಿಯೇ.

ಇನ್ನು ಚಲನೆಯ ವಿಷಯ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ವ್ಯಾಯಾಮವನ್ನೂ, ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಕಚೇರಿಗೆ ಹೋಗುತ್ತಿದ್ದಾಗ ಬಸ್ಸಿಗೆ ನಡೆಯುವುದು, ಮೆಟ್ಟಿಲು ಹತ್ತುವುದು, ಇನ್ನೊಬ್ಬರ ಮೇಜಿನವರೆಗೆ ಹೋಗಿ ಬರುವುದು ಇವೆಲ್ಲ ಲೆಕ್ಕಕ್ಕೇ ಸಿಗದೆ ನಡೆದುಹೋಗುತ್ತಿದ್ದವು. ಮನೆಯಲ್ಲಿ ಮಲಗುವ ಕೋಣೆಗೂ ಕೆಲಸದ ಮೇಜಿಗೂ ನಡುವೆ ಹತ್ತು ಹೆಜ್ಜೆಯೂ ಇರುವುದಿಲ್ಲ. ಆದರೆ ಇದಕ್ಕೆ ಪರಿಹಾರ ಸ್ಪರ್ಧೆಯಲ್ಲ. ಒಂದರ ಬೆನ್ನಿಗೊಂದು ಮೀಟಿಂಗ್ ಇದ್ದರೆ ಯಾರೂ ಏಳಲಾರರು. ನಿಮ್ಮ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆಯ ಮೀಟಿಂಗ್ ತಾನಾಗಿಯೇ 25 ನಿಮಿಷಕ್ಕೂ, ಒಂದು ಗಂಟೆಯದು 50 ನಿಮಿಷಕ್ಕೂ ನಿಗದಿಯಾಗುವಂತೆ ಮಾಡಿ. ಇದಕ್ಕೆ ಖರ್ಚಿಲ್ಲ. ಪರದೆ ನೋಡುವ ಅಗತ್ಯವಿಲ್ಲದ ಮಾತುಕತೆಗಳನ್ನು ಫೋನಿನಲ್ಲಿ, ನಡೆಯುತ್ತಲೇ ಮುಗಿಸಬಹುದು ಎಂದು ಮುಖ್ಯಸ್ಥರೇ ಬಾಯಿಬಿಟ್ಟು ಹೇಳಬೇಕು.

ಒಂದು ಎಚ್ಚರಿಕೆ: ಬೆರಳುಗಳಲ್ಲಿ ಜುಮುಗುಟ್ಟುವಿಕೆ, ಮರಗಟ್ಟುವಿಕೆ, ಹಿಡಿತ ಸಡಿಲವಾಗುವುದು, ನೋವಿನಿಂದ ರಾತ್ರಿ ಎಚ್ಚರವಾಗುವುದು ಇಂಥವು ಕಂಡರೆ ಮೇಜು ಕುರ್ಚಿ ಸರಿಪಡಿಸಿ ಕಾಯುವುದು ಬೇಡ, ವೈದ್ಯರನ್ನು ಕಾಣಬೇಕು. ಉದ್ಯೋಗಿಯ ಕೆಲಸದ ಜಾಗವನ್ನು ಪರಿಶೀಲಿಸಬೇಕೆಂದಾದರೆ ಅವರೇ ಇಷ್ಟಪಟ್ಟು ಕಳಿಸುವ, ಪಕ್ಕದಿಂದ ತೆಗೆದ ಒಂದು ಚಿತ್ರ ಸಾಕು. ಮನೆಯ ಒಳಗನ್ನು ತೋರಿಸಲೇಬೇಕೆಂದು ಯಾರನ್ನೂ ಒತ್ತಾಯಿಸಬೇಡಿ.

ಉತ್ತರ: ಮನೆಯಿಂದ ಕೆಲಸ ಮಾಡುವ ಉದ್ಯೋಗಿ

ನಾನು ತಜ್ಞೆಯಲ್ಲ, ನೀವು ಯಾರ ಆರೋಗ್ಯದ ಬಗ್ಗೆ ಚಿಂತಿಸುತ್ತಿದ್ದೀರೋ ಅಂಥವರಲ್ಲಿ ಒಬ್ಬಳು.

ಹೆಜ್ಜೆ ಎಣಿಸುವ ಸ್ಪರ್ಧೆಯನ್ನು ದಯವಿಟ್ಟು ಕೈಬಿಡಿ. ಮೊಣಕಾಲು ನೋವಿರುವವರು, ಗರ್ಭಿಣಿಯರು, ಗಾಲಿಕುರ್ಚಿ ಬಳಸುವವರು, ಹಾಸಿಗೆ ಹಿಡಿದ ಹಿರಿಯರನ್ನು ಬಿಟ್ಟು ಹೊರಗೆ ಹೋಗಲಾಗದವರು ಇವರೆಲ್ಲ ಪ್ರತಿದಿನ ಪಟ್ಟಿಯ ಕೊನೆಯಲ್ಲಿ ತಮ್ಮ ಹೆಸರನ್ನು ನೋಡಬೇಕಾಗುತ್ತದೆ. ದಿನಕ್ಕೆ ಹತ್ತು ವರದಿ ಬರೆಯುವವರಿಗೆ ಅದು ಹನ್ನೊಂದನೆಯ ವರದಿಯಾಗುತ್ತದೆ, ಅಷ್ಟೆ. ಶುಕ್ರವಾರ ಸಂಜೆಯ ಆಟವೂ ನಮ್ಮ ಪಾಲಿಗೆ ಇನ್ನೊಂದು ಮೀಟಿಂಗೇ. ನಗುತ್ತಾ ಕೂರಬೇಕೆಂಬ ಹೆಚ್ಚಿನ ಹೊಣೆಯೂ ಅದರ ಜೊತೆಗೆ ಬರುತ್ತದೆ. ‘ಇಷ್ಟವಿದ್ದವರು ಬರಬಹುದು’ ಎಂದು ಹೇಳುತ್ತೀರಿ, ಆದರೆ ಬಾರದವರು ಯಾರೆಂದು ಮ್ಯಾನೇಜರ್ ಗಮನಿಸುತ್ತಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ.

ಕ್ಯಾಮೆರಾದ ವಿಷಯವನ್ನೂ ಹೇಳಲೇಬೇಕು. ವಿಡಿಯೊ ಮೀಟಿಂಗ್‌ಗಳು ಏಕೆ ಇಷ್ಟು ದಣಿಸುತ್ತವೆ ಎಂಬುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ನಾಲ್ಕು ಕಾರಣಗಳನ್ನು ಮುಂದಿಟ್ಟರು: ಎಲ್ಲರ ಮುಖಗಳೂ ತೀರ ಹತ್ತಿರದಿಂದ ನಮ್ಮನ್ನೇ ನೋಡುತ್ತಿರುವಂತೆ ಕಾಣುವುದು, ಇಡೀ ಹೊತ್ತು ನಮ್ಮದೇ ಮುಖ ನಮಗೆ ಕಾಣುತ್ತಿರುವುದು, ಕ್ಯಾಮೆರಾದ ಚೌಕಟ್ಟಿನೊಳಗೆ ಅಲುಗಾಡದೆ ಕೂರಬೇಕಾಗುವುದು, ಮತ್ತು ತಲೆಯಾಡಿಸುವುದು, ಕಣ್ಸನ್ನೆ ಮುಂತಾದವನ್ನು ಬೇಕೆಂದೇ ಮಾಡಿ ತೋರಿಸಬೇಕಾದ ಶ್ರಮ. ಓದಿದಾಗ, ಇದೆಲ್ಲ ನನ್ನದೇ ದಿನಚರಿಯಲ್ಲವೇ ಎನಿಸಿತು. ಕ್ಯಾಮೆರಾ ಆಫ್ ಮಾಡುವ ಸ್ವಾತಂತ್ರ್ಯ ಕೊಡಿ. ಕನಿಷ್ಠ, ತನ್ನ ಮುಖ ತನಗೆ ಕಾಣದಂತೆ ಮರೆಮಾಡುವ ಸೌಲಭ್ಯ ಎಲ್ಲಿದೆ ಎಂದಾದರೂ ಎಲ್ಲರಿಗೂ ತೋರಿಸಿಕೊಡಿ.

ನಿಜವಾಗಿ ನಮ್ಮನ್ನು ಕುಗ್ಗಿಸುವುದು ರಾತ್ರಿ ಬರುವ ‘ಸಮಯ ಸಿಕ್ಕಾಗ ನೋಡಿ’ ಎಂಬ ಸಂದೇಶ. ಕಳಿಸಿದವರಿಗೆ ಅದು ನೆನಪಿನ ಚೀಟಿ. ಓದಿದವರಿಗೆ ಅದು ಆಜ್ಞೆ. ಉತ್ತರಿಸಿದರೆ ಊಟ ಅರ್ಧಕ್ಕೆ ನಿಲ್ಲುತ್ತದೆ, ಉತ್ತರಿಸದಿದ್ದರೆ ನಿದ್ದೆ ಬರುವುದಿಲ್ಲ. ಯಾವ ಸಂದೇಶಕ್ಕೆ ಎಷ್ಟು ಹೊತ್ತಿನೊಳಗೆ ಉತ್ತರ ಬೇಕು, ಯಾವುದು ನಾಳೆಯವರೆಗೆ ಕಾಯಬಹುದು, ನಿಜವಾದ ತುರ್ತಿದ್ದರೆ ಫೋನ್ ಮಾಡುವವರು ಯಾರು ಎಂಬ ಮೂರು ವಿಷಯಗಳನ್ನು ಸಂಸ್ಥೆ ಬರಹದಲ್ಲಿ ಕೊಟ್ಟರೆ, ಆ ಒಂದು ಪುಟ ನನಗೆ ಯಾವ ಆ್ಯಪ್‌ಗಿಂತಲೂ ಹೆಚ್ಚಿನ ನೆಮ್ಮದಿ ಕೊಡುತ್ತದೆ.

ಉತ್ತರ: ಔದ್ಯೋಗಿಕ ಆರೋಗ್ಯ ವೈದ್ಯ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತಲೇ, ನಿಮ್ಮ ಆಡಳಿತ ವರ್ಗದ ಮುಂದೆ ಇಡಬಹುದಾದ ಕೆಲವು ಆಧಾರಗಳನ್ನು ಕೊಡುತ್ತೇನೆ.

ಕೆಲಸದ ಒತ್ತಡವನ್ನು ಅರಿಯಲು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿ ಇಂದಿಗೂ ಬಳಕೆಯಲ್ಲಿದೆ. ಕೆಲಸ ಹೆಚ್ಚಿರುವುದೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಕೆಲಸ ಹೆಚ್ಚಿದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕೆಂಬ ನಿರ್ಧಾರ ತನ್ನ ಕೈಯಲ್ಲಿಲ್ಲದಿದ್ದಾಗ ಒತ್ತಡ ಅತಿಯಾಗುತ್ತದೆ ಎಂಬುದು ಅದರ ತಿರುಳು. ಸಹೋದ್ಯೋಗಿಗಳ ಮತ್ತು ಮೇಲಿನವರ ಬೆಂಬಲ ಎಂಬ ಮೂರನೆಯ ಅಂಶ ಮುಂದೆ ಇದಕ್ಕೆ ಸೇರಿತು. ಮನೆಯಿಂದ ಕೆಲಸ ಮಾಡುವುದು ಈ ಮೂರನ್ನೂ ಕದಲಿಸುತ್ತದೆ. ಸ್ವಾತಂತ್ರ್ಯ ಹೆಚ್ಚಬಹುದು, ಅಥವಾ ನಿಮಿಷ ನಿಮಿಷದ ನಿಗಾದಿಂದ ಇನ್ನಷ್ಟು ಕುಗ್ಗಬಹುದು; ಬೆಂಬಲವಂತೂ ಯಾರಾದರೂ ಪ್ರಯತ್ನಪಟ್ಟು ಉಳಿಸಿಕೊಳ್ಳದಿದ್ದರೆ ಸದ್ದಿಲ್ಲದೆ ಕರಗುತ್ತದೆ.

ಕೆಲಸದ ಅವಧಿಯನ್ನು ಕೇವಲ ‘ಮನಸ್ಸಿನ ನೆಮ್ಮದಿ’ಯ ಪ್ರಶ್ನೆಯೆಂದು ಆಡಳಿತ ವರ್ಗ ಭಾವಿಸಿದ್ದರೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದ ಅಂದಾಜನ್ನು ತೋರಿಸಿ. ವಾರಕ್ಕೆ 35ರಿಂದ 40 ಗಂಟೆ ಕೆಲಸ ಮಾಡುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ರಕ್ತ ಪೂರೈಕೆಯ ಕೊರತೆಯಿಂದಾಗುವ ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಶೇ. 17ರಷ್ಟು ಹೆಚ್ಚು. 2016ರಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಸಾವುಗಳಿಗೆ ಇಂಥ ದೀರ್ಘ ದುಡಿಮೆ ಕಾರಣವಾಗಿತ್ತೆಂದು ಆ ಅಂದಾಜು ಹೇಳಿತು. ಮನೆಯಲ್ಲಿ ಕುಳಿತು, ಊಟದ ಮುಂಚೆ ಅರ್ಧ ಗಂಟೆ, ಊಟದ ನಂತರ ಒಂದು ಗಂಟೆ, ಭಾನುವಾರ ‘ಸ್ವಲ್ಪ ಹೊತ್ತು’ ಎಂದು ಸೇರಿಸುತ್ತಾ ಹೋದರೆ ವಾರಕ್ಕೆ 55 ಗಂಟೆ ಮುಟ್ಟುವುದು ಕಷ್ಟವೇನಲ್ಲ. ಸಂಸ್ಥೆಯ ದಾಖಲೆಯಲ್ಲಿ ಮಾತ್ರ ಅದು 40 ಗಂಟೆಯೆಂದೇ ಇರುತ್ತದೆ.

ಆ್ಯಪ್‌ಗಳ ಬಗ್ಗೆ ನಿಮಗಿರುವ ಅನುಮಾನಕ್ಕೆ ಆಧಾರವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಉತ್ತರಗಳನ್ನು ಪರಿಶೀಲಿಸಿತು. ಒತ್ತಡ ನಿರ್ವಹಣೆಯ ತರಬೇತಿ, ಸ್ವಾಸ್ಥ್ಯ ಆ್ಯಪ್ ಮುಂತಾದ, ವ್ಯಕ್ತಿಯನ್ನಷ್ಟೇ ತಿದ್ದುವ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ಮಾನಸಿಕ ಸ್ಥಿತಿ ಭಾಗವಹಿಸದವರಿಗಿಂತ ಉತ್ತಮವಾಗಿರಲಿಲ್ಲ. ಸ್ವಯಂಸೇವೆಗೆ ಅವಕಾಶ ಕೊಡುವುದೊಂದು ಮಾತ್ರ ಇದಕ್ಕೆ ಅಪವಾದವಾಗಿ ಕಂಡಿತು. ಇದು ಒಂದೇ ಕಾಲಘಟ್ಟದ ಸಮೀಕ್ಷೆಯಾದ್ದರಿಂದ ಕಾರಣ ಮತ್ತು ಪರಿಣಾಮವನ್ನು ಖಚಿತವಾಗಿ ಸಾಧಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ಹಾಗಿದ್ದರೂ ಕೆಲಸದ ಹೊರೆಯನ್ನು ಮುಟ್ಟದೆ ಧ್ಯಾನದ ಆ್ಯಪ್ ಕೊಡುವುದು ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟಂತೆ ಎಂಬುದು ನನ್ನ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ, ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯ ಕುರಿತ ಮಾರ್ಗಸೂಚಿಯೂ ಕೆಲಸದ ಪರಿಸ್ಥಿತಿಯನ್ನೇ ತಿದ್ದುವ ಕ್ರಮಗಳನ್ನು ಮತ್ತು ಮ್ಯಾನೇಜರ್‌ಗಳಿಗೆ ತರಬೇತಿಯನ್ನು ಶಿಫಾರಸು ಮಾಡುತ್ತದೆ. ನಿಮ್ಮ ಹಣದ ಎರಡನೆಯ ಭಾಗ ಆ ತರಬೇತಿಗೆ ಹೋಗಲಿ.

ಈಗ ನಿಮ್ಮ ಸೂಕ್ಷ್ಮ ಪ್ರಶ್ನೆಗೆ ಬರುತ್ತೇನೆ. ಮ್ಯಾನೇಜರ್ ವೈದ್ಯರಲ್ಲ, ರೋಗವನ್ನು ಗುರುತಿಸುವುದು ಅವರ ಕೆಲಸವಲ್ಲ. ಕೆಲಸದಲ್ಲಿ ಕಂಡ ಬದಲಾವಣೆಯನ್ನು ಗಮನಿಸಿ, ಅದನ್ನು ಆಪಾದನೆಯಿಲ್ಲದೆ ಹೇಳಿ, ಉತ್ತರಕ್ಕಾಗಿ ಕಾಯುವುದು ಅವರ ಕೆಲಸ. ‘ನಿಮಗೆ ಖಿನ್ನತೆ ಇದೆಯೇ?’ ಎಂದು ಕೇಳುವುದು ತಪ್ಪು. ‘ಕಳೆದ ಕೆಲವು ವಾರಗಳಿಂದ ನೀವು ಮೀಟಿಂಗ್‌ಗಳಲ್ಲಿ ಮೊದಲಿನಂತೆ ಮಾತನಾಡುತ್ತಿಲ್ಲ ಎನಿಸಿತು. ಎಲ್ಲವೂ ಸರಿಯಿದೆಯೇ? ಕೆಲಸದ ಕಡೆಯಿಂದ ನಾನು ಏನಾದರೂ ಹಗುರಗೊಳಿಸಬಹುದೇ?’ ಎಂದು ಕೇಳುವುದು ಸರಿ. ‘ಏನೂ ಇಲ್ಲ’ ಎಂದರೆ ಕೆದಕಬಾರದು. ಬಾಗಿಲು ತೆರೆದಿದೆ ಎಂದು ತಿಳಿಸಿ, ಒಂದೆರಡು ವಾರಗಳ ನಂತರ ಮತ್ತೆ ವಿಚಾರಿಸಬೇಕು. ಈ ಮಾತು ಇಬ್ಬರ ನಡುವೆ ಮಾತ್ರ ಇರಬೇಕು, ರೆಕಾರ್ಡ್ ಆಗುವ ಮೀಟಿಂಗಿನಲ್ಲಿ ಆಗಬಾರದು. ಉದ್ಯೋಗಿ ತಾನಾಗಿ ಹೇಳಿಕೊಂಡ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ನಿಮ್ಮ ವಿಭಾಗಕ್ಕೂ ತಲುಪಿಸಬಾರದು, ಪ್ರಾಣಾಪಾಯದ ಸಂದರ್ಭವೊಂದನ್ನು ಬಿಟ್ಟು.

ಬೇಸರ, ಆಸಕ್ತಿಯಿಲ್ಲದಿರುವಿಕೆ, ನಿದ್ರೆ ಮತ್ತು ಹಸಿವಿನಲ್ಲಿ ಏರುಪೇರು ಇವು ಎರಡು ವಾರಗಳಿಗಿಂತ ಹೆಚ್ಚು ಕಾಲ ಬಹುತೇಕ ಪ್ರತಿದಿನವೂ ಇದ್ದರೆ ವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಪಡೆಯುವುದು ಅಗತ್ಯ. ಬರ್ನ್‌ಔಟ್ ಎಂಬ ಪದ ಈಗ ಎಲ್ಲದಕ್ಕೂ ಬಳಕೆಯಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ ಅದನ್ನು ಕಾಯಿಲೆಯೆಂದು ಪರಿಗಣಿಸುವುದಿಲ್ಲ. ಸರಿಯಾಗಿ ನಿಭಾಯಿಸದ, ಬಹುಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸುತ್ತದೆ. ಅದಕ್ಕೆ ಕಾರಣ ಕೆಲಸದಲ್ಲೇ ಇರುವುದರಿಂದ ನಾಲ್ಕು ದಿನದ ರಜೆ ಕೊಟ್ಟು, ಮರಳಿದಾಗ ಅದೇ ಹೊರೆಯನ್ನು ಹೊರಿಸಿದರೆ ಏನೂ ಬದಲಾಗುವುದಿಲ್ಲ.

ಬದುಕೇ ಬೇಡವೆನ್ನುವ ಮಾತು ಯಾರಿಂದಲಾದರೂ ಕೇಳಿಬಂದರೆ, ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬಾರದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಅವಕಾಶ ಸಿಗುತ್ತದೆ. ದೂರದಿಂದ ಕೆಲಸ ಮಾಡುವ ತಂಡಕ್ಕೆ ಇಲ್ಲೊಂದು ವಿಶೇಷ ತೊಡಕಿದೆ: ಆ ಕ್ಷಣದಲ್ಲಿ ಅವರು ಎಲ್ಲಿದ್ದಾರೆ, ಹತ್ತಿರ ಯಾರಿದ್ದಾರೆ ಎಂಬುದೇ ಕಚೇರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರಿಂದಲೂ ಈಗಿನ ವಿಳಾಸವನ್ನೂ ತುರ್ತಿಗೆ ಸಂಪರ್ಕಿಸಬಹುದಾದ ಒಬ್ಬರ ಹೆಸರನ್ನೂ, ಯಾವ ಸಂದರ್ಭದಲ್ಲಿ ಬಳಸುತ್ತೀರೆಂದು ತಿಳಿಸಿ, ಒಪ್ಪಿಗೆಯೊಂದಿಗೆ ಮೊದಲೇ ಪಡೆದಿಟ್ಟುಕೊಳ್ಳಿ. ಮನೆ ಎಲ್ಲರಿಗೂ ಸುರಕ್ಷಿತ ಸ್ಥಳವಲ್ಲ ಎಂಬುದನ್ನೂ ಮರೆಯಬೇಡಿ. ಕಾರಣ ಹೇಳದೆಯೇ ಕಚೇರಿಗೆ ಬಂದು ಕುಳಿತು ಕೆಲಸ ಮಾಡುವ ಅವಕಾಶ ಯಾವಾಗಲೂ ಇರಲಿ.

ಮರುಪ್ರಶ್ನೆ: ಮಾನವ ಸಂಪನ್ಮೂಲ ವಿಭಾಗದ ಉದ್ಯೋಗಿ

ಇಷ್ಟು ವಿವರವಾಗಿ ಬರೆದವರಿಗೆಲ್ಲ ಧನ್ಯವಾದಗಳು. ಕೀಬೋರ್ಡ್, ಮೌಸ್, ಸ್ಟ್ಯಾಂಡ್ ಮತ್ತು ಮೀಟಿಂಗ್‌ಗಳ ಅವಧಿ ಕಡಿತ ಇವಕ್ಕೆ ಆಡಳಿತ ವರ್ಗ ತಕ್ಷಣ ಒಪ್ಪಿತು. ಕೆಲಸದ ವೇಳೆಯ ನಂತರ ಸಂದೇಶ ಬೇಡ ಎಂಬ ನಿಯಮದ ಬಳಿ ಮಾತುಕತೆ ನಿಂತಿದೆ. ಒಬ್ಬ ನಿರ್ದೇಶಕರು, ಇಷ್ಟೆಲ್ಲ ಸಡಿಲಿಕೆ ಕೊಡುವುದಾದರೆ ಕೆಲಸ ನಡೆಯುತ್ತಿದೆಯೆಂದು ತಿಳಿಯಲು ಪರದೆಯ ಚಿತ್ರ ತೆಗೆಯುವ, ಮೌಸಿನ ಚಲನೆ ಎಣಿಸುವ ತಂತ್ರಾಂಶ ಹಾಕೋಣ ಎನ್ನುತ್ತಿದ್ದಾರೆ. ಇನ್ನೊಂದೆಡೆ ಉದ್ಯೋಗಿಗಳಲ್ಲೇ ಕೆಲವರು, ಮಕ್ಕಳು ಮಲಗಿದ ಮೇಲೆ ಕೆಲಸ ಮಾಡುವುದೇ ತಮಗೆ ಅನುಕೂಲ, ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬೇಡಿ ಎಂದು ಕೇಳಿಕೊಂಡಿದ್ದಾರೆ. ಈ ಎರಡು ಮಾತುಗಳಿಗೂ ಏನು ಉತ್ತರ ಕೊಡಲಿ?

ಉತ್ತರ: ಬೇರೆ ಬೇರೆ ಊರುಗಳಲ್ಲಿರುವ ತಂಡವನ್ನು ನಡೆಸುವವರು

ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ರಾತ್ರಿ ಕೆಲಸ ಮಾಡುವುದಕ್ಕೂ ರಾತ್ರಿ ಇನ್ನೊಬ್ಬರಿಂದ ಕೆಲಸ ನಿರೀಕ್ಷಿಸುವುದಕ್ಕೂ ವ್ಯತ್ಯಾಸವಿದೆ. ಎಲ್ಲರೂ ಲಭ್ಯವಿರಬೇಕಾದ ನಾಲ್ಕು ಗಂಟೆಗಳನ್ನು ಗೊತ್ತುಪಡಿಸಿ, ಉಳಿದ ಹೊತ್ತನ್ನು ಅವರವರ ಅನುಕೂಲಕ್ಕೆ ಬಿಡಿ. ರಾತ್ರಿ ಬರೆದವರು ಸಂದೇಶವನ್ನು ಬೆಳಿಗ್ಗೆ ತಲುಪುವಂತೆ ಸಮಯ ನಿಗದಿಪಡಿಸಿ ಕಳಿಸಲಿ. ಇಂದಿನ ಬಹುತೇಕ ಮೇಲ್ ಮತ್ತು ಚಾಟ್ ತಂತ್ರಾಂಶಗಳಲ್ಲಿ ಆ ಸೌಲಭ್ಯವಿದೆ. ನಿಯಮವನ್ನು ಪಾಲಿಸುವುದರಲ್ಲಿ ಮ್ಯಾನೇಜರ್ ಮೊದಲಿಗರಾಗಬೇಕು, ಏಕೆಂದರೆ ರಾತ್ರಿ 11 ಗಂಟೆಗೆ ಮೇಲಿನವರಿಂದ ಬಂದ ಒಂದು ಮೇಲ್ ಹತ್ತು ಪುಟಗಳ ನಿಯಮವನ್ನು ಅಳಿಸಿಹಾಕುತ್ತದೆ. ಇದು ಯಾರದೋ ಹೊಸ ಹುಚ್ಚಲ್ಲ ಎಂದು ನಿರ್ದೇಶಕರಿಗೆ ತಿಳಿಸಿ. ಫ್ರಾನ್ಸ್‌ನಲ್ಲಿ, ಕೆಲಸದ ವೇಳೆಯ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಕಾನೂನು 2017ರ ಜನವರಿಯಿಂದ ಜಾರಿಯಲ್ಲಿದೆ. ಪೋರ್ಚುಗಲ್ 2021ರಲ್ಲಿ, ಉದ್ಯೋಗಿಯ ವಿಶ್ರಾಂತಿಯ ಹೊತ್ತಿನಲ್ಲಿ ಸಂಪರ್ಕಿಸದಿರುವುದು ಉದ್ಯೋಗದಾತರ ಕರ್ತವ್ಯವೆಂದೇ ಕಾನೂನು ಮಾಡಿತು. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಇಂಥ ಹಕ್ಕು ಬಂದಿದೆ.

ನಿಗಾ ತಂತ್ರಾಂಶದ ಬಗ್ಗೆ ನನ್ನ ಮಾತು ಕಟುವೆನಿಸಿದರೂ ಹೇಳುತ್ತೇನೆ: ಮೌಸಿನ ಚಲನೆಯನ್ನು ಎಣಿಸಿದರೆ ಮೌಸಿನ ಚಲನೆಯೇ ಹೆಚ್ಚುತ್ತದೆ. ಯೋಚಿಸುತ್ತಾ ಕೂತವರು ಸೋಮಾರಿಗಳಂತೆ ಕಾಣುತ್ತಾರೆ. ಎದ್ದು ಹೋಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಬರುವವರು ಶಿಕ್ಷೆಗೆ ಒಳಗಾಗುತ್ತಾರೆ. ಅಂದರೆ ಫಿಸಿಯೊಥೆರಪಿಸ್ಟ್ ಹೇಳಿದ ಎಲ್ಲ ಸಲಹೆಯನ್ನೂ ಆ ಒಂದು ತಂತ್ರಾಂಶ ನೀರುಪಾಲು ಮಾಡುತ್ತದೆ. ಅದರ ಬದಲು ವಾರದ ಆರಂಭದಲ್ಲಿ, ಯಾವ ಕೆಲಸ ಯಾವ ಸ್ಥಿತಿಗೆ ಬಂದರೆ ‘ಆಯಿತು’ ಎಂದು ಪರಿಗಣಿಸುತ್ತೇವೆ ಎಂಬುದನ್ನು ಇಬ್ಬರೂ ಕುಳಿತು ಬರೆದುಕೊಂಡರೆ, ಎಣಿಸಬೇಕಾದದ್ದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮನೆಯಿಂದ ಕೆಲಸ ಮಾಡಿದರೆ ಜನ ಕೆಲಸ ಕದಿಯುತ್ತಾರೆಂಬ ಭಯಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರಯಾಣ ಸಂಸ್ಥೆಯ ಕಾಲ್ ಸೆಂಟರಿನಲ್ಲಿ ನಡೆಸಿದ ಪ್ರಯೋಗ ಒಳ್ಳೆಯ ಉತ್ತರ. ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದನ್ನು ಒಂಬತ್ತು ತಿಂಗಳು ಮನೆಗೆ ಕಳಿಸಿದರು. ಮನೆಯಿಂದ ದುಡಿದವರ ಕೆಲಸ ಶೇ. 13ರಷ್ಟು ಹೆಚ್ಚಿತು. ಆದರೆ ಇದರ ಒಳಗನ್ನು ಆರೋಗ್ಯದ ಕಣ್ಣಿನಿಂದ ನೋಡಬೇಕು: ಆ ಹೆಚ್ಚಳದ ದೊಡ್ಡ ಪಾಲು ಬಂದದ್ದು ಅವರು ವಿರಾಮವನ್ನೂ ಅನಾರೋಗ್ಯದ ರಜೆಯನ್ನೂ ಕಡಿಮೆ ತೆಗೆದುಕೊಂಡು ಹೆಚ್ಚು ನಿಮಿಷ ದುಡಿದದ್ದರಿಂದ. ನಿಮ್ಮ ನಿರ್ದೇಶಕರು ಹೆದರಬೇಕಾದದ್ದು ಜನ ಕಡಿಮೆ ಕೆಲಸ ಮಾಡುತ್ತಾರೆಂದಲ್ಲ, ವಿರಾಮವಿಲ್ಲದೆ ಮಾಡುತ್ತಾರೆಂದು.

ಅದೇ ಪ್ರಯೋಗದ ಇನ್ನೊಂದು ಅಂಶದಿಂದಾಗಿ, ಶುಕ್ರವಾರದ ಆಟದ ಬಗ್ಗೆ ಮೇಲೆ ಬರೆದ ಉದ್ಯೋಗಿಯ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕೊನೆಗೆ ಮನೆಯೋ ಕಚೇರಿಯೋ ಎಂದು ಮತ್ತೆ ಆಯ್ಕೆ ಮಾಡಲು ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ನಿಲುವನ್ನು ಬದಲಿಸಿದರು; ಮನೆಯಲ್ಲಿದ್ದ ಹಲವರು ಕಚೇರಿಗೆ ಮರಳಿದರು, ಒಂಟಿತನ ಅದಕ್ಕೊಂದು ಮುಖ್ಯ ಕಾರಣವಾಗಿತ್ತು. ಅದೇ ಸಂಸ್ಥೆಯ 1,600ಕ್ಕೂ ಹೆಚ್ಚು ಉದ್ಯೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವಾರಕ್ಕೆ 2 ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟಾಗ ಕೆಲಸ ಬಿಟ್ಟುಹೋಗುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು, ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಆದ್ದರಿಂದ ಶುಕ್ರವಾರದ ಆಟವನ್ನು ಬಿಟ್ಟರೂ ಜನರನ್ನು ಸೇರಿಸುವ ಪ್ರಯತ್ನವನ್ನು ಬಿಡಬೇಡಿ. ಆ ಹಣವನ್ನು ಕೂಡಿಟ್ಟು, ಕೆಲವು ತಿಂಗಳಿಗೊಮ್ಮೆ ಎಲ್ಲರೂ ಒಂದೆಡೆ ಮುಖಾಮುಖಿಯಾಗಿ, ಕೆಲಸದ ವೇಳೆಯಲ್ಲೇ ಸೇರುವಂತೆ ಮಾಡಿ. ಹೊಸದಾಗಿ ಸೇರಿದವರಿಗೆ, ‘ಇದನ್ನು ಕೇಳಿದರೆ ಏನೆಂದುಕೊಳ್ಳುತ್ತಾರೋ’ ಎನಿಸುವ ಚಿಕ್ಕ ಪ್ರಶ್ನೆಗಳಿಗಾಗಿ ತಂಡದೊಳಗಿನ ಒಬ್ಬರನ್ನು ಗೊತ್ತುಮಾಡಿ. ಪ್ರತಿಯೊಬ್ಬರೊಂದಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಮಾತನಾಡುವುದು ಮ್ಯಾನೇಜರ್‌ನ ಕೆಲಸದ ಭಾಗವೆಂದೇ ಪರಿಗಣಿಸಿ, ಅದಕ್ಕೆ ತಕ್ಕಂತೆ ಅವರ ಬೇರೆ ಹೊರೆಯನ್ನು ಇಳಿಸಿ. ಹದಿನೈದು ಜನರ ತಂಡ ಒಬ್ಬರ ಕೈಯಲ್ಲಿದ್ದರೆ ಈ ಮಾತುಕತೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಉತ್ತರ: ಔದ್ಯೋಗಿಕ ಆರೋಗ್ಯ ವೈದ್ಯ

ಒಂದು ಸೇರ್ಪಡೆ ಮಾತ್ರ. ಈ ಕ್ರಮಗಳಿಂದ ಪ್ರಯೋಜನವಾಯಿತೇ ಎಂದು ತಿಳಿಯಲು ಮತ್ತೆ ಸಮೀಕ್ಷೆ ನಡೆಸುವಿರಾದರೆ ಹಿಂದಿನ ಪ್ರಶ್ನೆಗಳನ್ನೇ ಅದೇ ಮಾತುಗಳಲ್ಲಿ ಕೇಳಿ, ಇಲ್ಲವಾದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಚಿಕ್ಕ ತಂಡಗಳ ಉತ್ತರಗಳನ್ನು ಬೇರೆಯಾಗಿ ಮ್ಯಾನೇಜರ್‌ಗೆ ತೋರಿಸಬೇಡಿ. ಐದಾರು ಜನರ ತಂಡದಲ್ಲಿ ಹೆಸರಿಲ್ಲದಿದ್ದರೂ ಯಾರು ಏನು ಬರೆದರೆಂದು ಊಹಿಸುವುದು ಕಷ್ಟವಲ್ಲ, ಹಾಗೊಮ್ಮೆ ಊಹೆಯಾದರೆ ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ. ಆಪ್ತಸಮಾಲೋಚನೆಯ ಸೇವೆಯನ್ನು ಒದಗಿಸುವುದಾದರೆ ಅದು ಸಂಸ್ಥೆಯ ಹೊರಗಿನವರಿಂದ ಬರಲಿ, ಮತ್ತು ಎಷ್ಟು ಜನ ಬಳಸಿದರು ಎಂಬ ಒಟ್ಟು ಸಂಖ್ಯೆಯ ಹೊರತು ಬೇರಾವ ವಿವರವೂ ನಿಮಗೆ ತಲುಪುವುದಿಲ್ಲವೆಂದು ಒಪ್ಪಂದದಲ್ಲೇ ಬರೆಸಿ, ಆ ಸಾಲನ್ನು ಉದ್ಯೋಗಿಗಳಿಗೂ ಓದಲು ಕೊಡಿ.